ಓದಿದ್ದೆಲ್ಲ ಅರ್ಥವಾಗುತ್ತದೆ, ಕೈಗೆ ಮಾತ್ರ ಬರುವುದಿಲ್ಲ. ಏನು ಮಾಡಲಿ?

ಪ್ರಶ್ನೆ: ನನಗೆ ಒರಿಗಾಮಿ, ಅಂದರೆ ಕಾಗದ ಮಡಚಿ ಆಕೃತಿಗಳನ್ನು ಮಾಡುವ ಕಲೆ, ಕಲಿಯುವ ಆಸೆ. ಕಲಿಸುವವರು ಹತ್ತಿರದಲ್ಲಿ ಯಾರೂ ಇಲ್ಲ. ಹಾಗಾಗಿ ಪುಸ್ತಕಗಳನ್ನೇ ನಂಬಿಕೊಂಡಿದ್ದೇನೆ. ಎರಡು ಪುಸ್ತಕಗಳನ್ನು ಪೂರ್ತಿ ಓದಿ, ಮುಖ್ಯವಾದ ಕಡೆ ಗೆರೆ ಎಳೆದು, ಟಿಪ್ಪಣಿ ಮಾಡಿಕೊಂಡಿದ್ದೇನೆ. ಓದುವಾಗ ಎಲ್ಲವೂ ಅರ್ಥವಾಗುತ್ತದೆ. ಆದರೆ ಕಾಗದ ಹಿಡಿದು ಕೂತರೆ ಕೊಕ್ಕರೆ ಅರ್ಧಕ್ಕೇ ನಿಂತುಬಿಡುತ್ತದೆ. ಮುಂದೆ ನಕ್ಷತ್ರ ವೀಕ್ಷಣೆಯನ್ನೂ ಹೀಗೇ ಓದಿ ಕಲಿಯಬೇಕು ಅಂದುಕೊಂಡಿದ್ದೆ. ಈಗ ಅನುಮಾನ ಶುರುವಾಗಿದೆ. ಓದಿಯೇ ಒಂದು ಹವ್ಯಾಸ ಕಲಿಯಲು ಸಾಧ್ಯವೇ? ಸಾಧ್ಯವಾದರೆ ಹೇಗೆ ಓದಬೇಕು?

ಉತ್ತರ: ಸಾಧ್ಯ. ಅನುಮಾನ ಬೇಡ. ಪುಸ್ತಕವನ್ನೇ ಮುಂದಿಟ್ಟುಕೊಂಡು ಹವ್ಯಾಸ ಕಲಿತವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಕಂಡಿದ್ದು ಇಷ್ಟು: ನೀವು ಓದಿದ್ದು ಕಡಿಮೆಯಾಗಿಲ್ಲ, ಒಂದೇ ಸಲಕ್ಕೆ ಜಾಸ್ತಿಯಾಗಿದೆ. ಕಾದಂಬರಿ ಓದುವ ಹಾಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿ, ಆಮೇಲೆ ಕಾಗದ ಹಿಡಿದಿದ್ದೀರಿ. ಹವ್ಯಾಸದ ಪುಸ್ತಕಕ್ಕೆ ಈ ಕ್ರಮ ಒಗ್ಗುವುದಿಲ್ಲ. ಅದನ್ನು ಸ್ವಲ್ಪ ಸ್ವಲ್ಪವಾಗಿ, ಕೆಲಸದ ನಡುನಡುವೆ, ಕೈ ಎಲ್ಲಿ ನಿಂತಿತೋ ಅಲ್ಲಿ ಓದಬೇಕು. ಕೈಗೆ ಒಂದು ಪ್ರಶ್ನೆ ಎದ್ದ ಮೇಲೆ ಓದಿದ ಸಾಲಿಗೂ, ಪ್ರಶ್ನೆಯೇ ಇಲ್ಲದೆ ಓದಿದ ಸಾಲಿಗೂ ತುಂಬಾ ವ್ಯತ್ಯಾಸವಿದೆ. ಸಾಲು ಅದೇ ಇರುತ್ತದೆ. ಆದರೆ ಪ್ರಶ್ನೆ ಎದ್ದ ಮೇಲೆ ಓದಿದಾಗ ಅದು ನಿಮಗೇ ಬರೆದ ಹಾಗೆ ಕಾಣುತ್ತದೆ.

"ಓದುವಾಗ ಎಲ್ಲವೂ ಅರ್ಥವಾಗುತ್ತದೆ" ಅಂದಿರಲ್ಲ, ಅದನ್ನು ಸ್ವಲ್ಪ ನೋಡೋಣ. ಇದು ನಿಮ್ಮೊಬ್ಬರ ಕಥೆಯಲ್ಲ. 2002ರಲ್ಲಿ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಜಿಪ್‌ನಂಥ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅಂತ ನಿಮಗೆಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಅಂತ ಜನರನ್ನು ಕೇಳಿದರು. ಎಲ್ಲರೂ ಧಾರಾಳವಾಗಿಯೇ ಕೊಟ್ಟುಕೊಂಡರು. ಆಮೇಲೆ, ಸರಿ, ಅದನ್ನು ಹಂತ ಹಂತವಾಗಿ ಬರೆದು ವಿವರಿಸಿ ಅಂದರು. ಬರೆಯಲು ಹೊರಟಾಗಲೇ ಗೊತ್ತಾಗಿದ್ದು, ನಡುವಿನ ಹಂತಗಳು ತಲೆಯಲ್ಲಿ ಇರಲೇ ಇಲ್ಲ ಅಂತ. ಮತ್ತೆ ಅಂಕ ಕೊಡಿ ಅಂದಾಗ ಜನ ತಾವೇ ಇಳಿಸಿಕೊಂಡರು. ಪುಸ್ತಕ ತೆರೆದಿರುವಾಗಲೂ ಹೀಗೇ ಆಗುತ್ತದೆ. ಚಿತ್ರ ಕಣ್ಣ ಮುಂದಿದೆ, ವಾಕ್ಯ ಸರಳವಾಗಿದೆ, ಮುಂದಿನ ಹಂತವೂ ಅಲ್ಲೇ ಇದೆ. ಅರ್ಥವಾಗದೆ ಇನ್ನೇನು? ಅರ್ಥವಾಗಿದ್ದು ವಾಕ್ಯ. ಆ ವಾಕ್ಯ ಹೇಳುವ ಕೆಲಸ ಅರ್ಥವಾಗಿದೆಯೋ ಇಲ್ಲವೋ ಅನ್ನುವುದು ಕಾಗದ ಹಿಡಿದಾಗಲೇ ತಿಳಿಯುವುದು.

ಈಗ ನಿಮ್ಮ ಕೊಕ್ಕರೆಗೇ ಬರೋಣ. ಅದು ಎಲ್ಲಿ ನಿಂತಿರಬಹುದು ಅಂತ ನಾನು ಹೆಚ್ಚುಕಡಿಮೆ ಊಹಿಸಬಲ್ಲೆ. ಚೌಕದ ಕಾಗದವನ್ನು ಮಡಚಿ ಚಿಕ್ಕದೊಂದು ಚೌಕ ಮಾಡಿಕೊಳ್ಳುತ್ತೀರಿ. ಅದರ ಬಿಚ್ಚಿಕೊಳ್ಳುವ ಮೂಲೆ ಕೆಳಗಿರುತ್ತದೆ. ಇಲ್ಲಿಯವರೆಗೆ ತೊಂದರೆ ಇಲ್ಲ. ಮೇಲಿನ ಪದರದ ಎರಡೂ ಕೆಳ ಅಂಚುಗಳನ್ನು ನಡುಗೆರೆಗೆ ಮಡಚಿ, ತಲೆಯ ತ್ರಿಕೋನವನ್ನು ಕೆಳಗೆ ಮಡಚಿ, ಮೂರನ್ನೂ ಬಿಚ್ಚಬೇಕು. ಇದೂ ಸುಲಭ. ಆಮೇಲೆ ಬರುವುದೇ ಪೆಟಲ್ ಫೋಲ್ಡ್. ಮೇಲಿನ ಒಂದೇ ಪದರದ ಕೆಳ ಮೂಲೆ ಹಿಡಿದು ಮೇಲಕ್ಕೆ ಎತ್ತಬೇಕು, ಎತ್ತುತ್ತಾ ಎರಡೂ ಬದಿಗಳನ್ನು ಒಳಕ್ಕೆ ತರಬೇಕು, ಕೊನೆಗೆ ಚಪ್ಪಟೆ ಮಾಡಬೇಕು. ಪುಸ್ತಕದಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೇ ಚಿತ್ರ, ಒಂದು ಬಾಣ, ಒಂದು ಸಾಲು. ಬಹಳ ಜನ ಇಲ್ಲೇ ಕೈ ಚೆಲ್ಲುತ್ತಾರೆ.

ಯಾಕೆ ಗೊತ್ತಾ? ಇದಕ್ಕಿಂತ ಮೊದಲಿನ ಮಡಿಕೆಗಳಲ್ಲಿ ಒಂದು ಸಲಕ್ಕೆ ಒಂದೇ ಗೆರೆ ಕೆಲಸ ಮಾಡುತ್ತಿತ್ತು. ಇಲ್ಲಿ ಹಲವು ಗೆರೆಗಳು ಒಟ್ಟಿಗೆ ಕೆಲಸ ಮಾಡಬೇಕು. ಅದರಲ್ಲೂ ಎತ್ತುತ್ತಿರುವ ಪದರದ ಎಡಬಲದ ಎರಡು ಗೆರೆಗಳು ನೀವು ಮೊದಲು ಮಡಚಿದ್ದಕ್ಕೆ ಉಲ್ಟಾ ದಿಕ್ಕಿಗೆ ತಿರುಗಬೇಕು. ಕಾಗದ ಹಟ ಹಿಡಿಯುವುದು ಅಲ್ಲಿ. ಒಂದು ಕೈಯ ಹೆಬ್ಬೆರಳಿನಿಂದ ಮೇಲಿನ ಅಡ್ಡಗೆರೆಯ ಹತ್ತಿರ ಒತ್ತಿ ಹಿಡಿದುಕೊಳ್ಳಿ. ಇನ್ನೊಂದು ಕೈಯಿಂದ ಮೂಲೆಯನ್ನು ನಿಧಾನವಾಗಿ ಎತ್ತಿ. ಬದಿಗಳು ತಾವಾಗಿಯೇ ಒಳಕ್ಕೆ ಬಾಗಲು ಶುರುಮಾಡುತ್ತವೆ. ಆಗ ಆ ಎರಡು ಗೆರೆಗಳನ್ನು ಬೆರಳಿನಿಂದ ಚಿವುಟಿ ಉಲ್ಟಾ ದಿಕ್ಕಿಗೆ ಒಲಿಸಿಕೊಳ್ಳಿ. ಬಾಣ ಇರುವ ಚಿತ್ರವನ್ನು ಪದೇ ಪದೇ ದಿಟ್ಟಿಸಿ ನೋಡಿದರೆ ಇದು ತಿಳಿಯುವುದಿಲ್ಲ. ಅದರ ಮುಂದಿನ ಚಿತ್ರ ನೋಡಿ. ಒರಿಗಾಮಿ ಪುಸ್ತಕ ಓದುವ ಮೊದಲ ಪಾಠವೇ ಇದು. ಈಗಿನ ಚಿತ್ರ ಏನು ಮಾಡಬೇಕು ಅಂತ ಹೇಳುತ್ತದೆ. ಮಾಡಿದ್ದು ಸರಿಯಾಗಿದೆಯೇ ಅಂತ ಹೇಳುವುದು ಮುಂದಿನ ಚಿತ್ರ. ಎರಡನ್ನೂ ಒಟ್ಟಿಗೆ ಓದದಿದ್ದರೆ ಅರ್ಧ ಪುಸ್ತಕ ಮಾತ್ರ ಓದಿದ ಹಾಗೆ.

ಗೆರೆಗಳ ಭಾಷೆಯನ್ನೂ ಕೈಯಲ್ಲೇ ಕಲಿಯಿರಿ. ತುಂಡು ತುಂಡು ಗೆರೆ ಇದ್ದರೆ ಕಾಗದವನ್ನು ನಿಮ್ಮ ಕಡೆಗೆ ಮಡಚಬೇಕು, ಮಡಚಿದ ಜಾಗ ಕಣಿವೆಯಂತೆ ತಗ್ಗಾಗುತ್ತದೆ. ಗೆರೆಯ ನಡುವೆ ಚುಕ್ಕಿಗಳಿದ್ದರೆ ಹಿಂದಕ್ಕೆ ಮಡಚಬೇಕು, ಆಗ ಜಾಗ ಬೆಟ್ಟದಂತೆ ಉಬ್ಬುತ್ತದೆ. ಬಾಣಕ್ಕೆ ಒಂದು ಸುರುಳಿ ಇದ್ದರೆ ಕಾಗದವನ್ನು ತಿರುಗಿಸಿ ಹಾಕಬೇಕು. ಈ ಗುರುತುಗಳಿಗೆ ಮೂಲ ಜಪಾನಿನ ಅಕಿರಾ ಯೋಶಿಜಾವಾ. 1950ರ ದಶಕದಲ್ಲಿ ಅವರು ಬಳಸಿದ ಗೆರೆ, ಬಾಣಗಳನ್ನೇ ಆಮೇಲೆ ಸ್ಯಾಮ್ಯುಯೆಲ್ ರ‍್ಯಾಂಡ್ಲೆಟ್ ಮತ್ತು ರಾಬರ್ಟ್ ಹಾರ್ಬಿನ್ ತಿದ್ದಿ ಹರಡಿದರು. ಇವತ್ತಿಗೂ ಯಾವ ದೇಶದ ಒರಿಗಾಮಿ ಪುಸ್ತಕ ತೆರೆದರೂ ಹೆಚ್ಚುಕಡಿಮೆ ಇದೇ ಗುರುತುಗಳು. ಅಂದರೆ ಒಂದು ಸಲ ಇದು ಕೈಗೆ ಹತ್ತಿದರೆ, ಭಾಷೆಯೇ ಗೊತ್ತಿಲ್ಲದ ಪುಸ್ತಕದಿಂದಲೂ ನೀವು ಮಡಚಬಹುದು. ನನಗೆ ಇದು ಈ ಹವ್ಯಾಸದ ಅತಿ ದೊಡ್ಡ ಸಂತೋಷಗಳಲ್ಲಿ ಒಂದು ಅನಿಸುತ್ತದೆ. ಪುಸ್ತಕದ ಆರಂಭದಲ್ಲಿರುವ ಗುರುತುಗಳ ಪುಟವನ್ನು ಬಾಯಿಪಾಠ ಮಾಡಬೇಡಿ. ಒಂದೊಂದು ಗುರುತಿಗೂ ಒಂದು ತುಂಡು ಕಾಗದ ಮಡಚಿ, ಪಕ್ಕದಲ್ಲೇ ಅಂಟಿಸಿಡಿ.

ಕಾಗದದ ಬಗ್ಗೆಯೂ ಒಂದು ಮಾತು. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ ಇರುತ್ತದೆ. ಒಂದು ಮೂಲೆಯನ್ನು ಓರೆಯಾಗಿ ಎದುರು ಅಂಚಿಗೆ ಮಡಚಿ, ಉಳಿದ ಪಟ್ಟಿ ಕತ್ತರಿಸಿದರೆ 21 ಸೆಂ.ಮೀ. ಚೌಕ ಸಿಗುತ್ತದೆ. ಕಲಿಯಲು ಈ ಅಳತೆ ಒಳ್ಳೆಯದು. ಚಿಕ್ಕ ಕಾಗದದಲ್ಲಿ ಬೆರಳಿಗೆ ಜಾಗವೇ ಇರುವುದಿಲ್ಲ. ಚೌಕ ಮಾತ್ರ ಸರಿಯಾಗಿರಲಿ. ಶುರುವಿನಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿದ್ದು ಕೊಕ್ಕರೆಯ ಕತ್ತು, ಬಾಲ ಮಡಚುವಾಗ ಎದ್ದು ಕಾಣುತ್ತದೆ. ಆಗ ನೀವು ಸುಮ್ನೆ ಕೊನೆಯ ಹಂತವನ್ನೇ ಮತ್ತೆ ಮತ್ತೆ ಓದುತ್ತೀರಿ. ತಪ್ಪಿದ್ದು ಮೊದಲ ಮಡಿಕೆಯಲ್ಲಿ. ಪುಸ್ತಕದ ಒಂದು ಹಂತ ಕೂಡಿಬರದಿದ್ದರೆ ಆ ಹಂತವನ್ನಷ್ಟೇ ಅಲ್ಲ, ಅದಕ್ಕಿಂತ ಹಿಂದಿನ ಎರಡು ಮೂರು ಹಂತಗಳನ್ನೂ ಓದಬೇಕು ಅನ್ನುವುದು ಇದಕ್ಕೇ. ಹೊಲಿಗೆ, ಮರಗೆಲಸ, ಹೆಣಿಗೆ, ಎಲ್ಲದಕ್ಕೂ ಇದು ಅನ್ವಯಿಸುತ್ತದೆ.

ನಕ್ಷತ್ರ ವೀಕ್ಷಣೆ ಕಲಿಯಬೇಕು ಅಂದಿದ್ದೀರಿ. ಅದರ ಪುಸ್ತಕ ಬೇರೆ ಜಾತಿಯದು. ಒರಿಗಾಮಿ ಪುಸ್ತಕ ಮಾಡುವ ಕ್ರಮ ಹೇಳುತ್ತದೆ. ನಕ್ಷತ್ರದ ಪುಸ್ತಕ ಗುರುತಿಸಲು ಕಲಿಸುತ್ತದೆ. ಅಲ್ಲಿ ಕ್ರಮವಾಗಿ ಓದುವ ಪ್ರಶ್ನೆಯೇ ಇಲ್ಲ. ಆ ರಾತ್ರಿ, ಆ ಹೊತ್ತಿಗೆ ಏನು ಕಾಣುತ್ತದೋ ಆ ಪುಟ ಮಾತ್ರ ಬೇಕು. ಮನೆಯೊಳಗೆ ಕೂತು ಎಂಬತ್ತೆಂಟು ನಕ್ಷತ್ರಪುಂಜಗಳ ಹೆಸರು ಕಲಿತವರು ಹೊರಗೆ ಬಂದು ಒಂದನ್ನೂ ಗುರುತಿಸಲಾಗದೆ ನಿಲ್ಲುವುದುಂಟು. ಕಾರಣ ಅಳತೆ. ಪುಟದಲ್ಲಿ ಸಪ್ತರ್ಷಿ ಮಂಡಲ ಅಂಗೈಯಷ್ಟು. ಆಕಾಶದಲ್ಲಿ ಅದು ಸುಮಾರು 25 ಡಿಗ್ರಿ ಹರಡಿಕೊಂಡಿದೆ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಎರಡೂವರೆ ಮುಷ್ಟಿ! ಹೊಸಬರು ಚಿಕ್ಕದನ್ನು ಹುಡುಕುತ್ತಾ ಅಷ್ಟು ದೊಡ್ಡದನ್ನು ದಾಟಿ ಹೋಗುತ್ತಾರೆ.

ಇನ್ನೊಂದು ವಿಷಯ. ಭೂಪಟದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಬಲಕ್ಕೆ. ನಕ್ಷತ್ರಪಟದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕೆ. ಮೇಜಿನ ಮೇಲಿಟ್ಟು ಓದುವಾಗ ಇದು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಪಟವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡಿ, ದಿಕ್ಕುಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಆ ಪುಸ್ತಕವನ್ನು ಓದಬೇಕಾದ ಭಂಗಿಯೇ ಅದು. ಸೌಟಿನಂತೆ ಕಾಣುವ ಸಪ್ತರ್ಷಿ ಮಂಡಲದ ಬಟ್ಟಲಿನ ಹೊರ ಅಂಚಿನ ಎರಡು ನಕ್ಷತ್ರಗಳನ್ನು ಸೇರಿಸಿ, ಅವುಗಳ ನಡುವಿನ ದೂರದ ಐದರಷ್ಟು ಮುಂದೆ ಹೋದರೆ ಧ್ರುವ ನಕ್ಷತ್ರ ಸಿಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಉತ್ತರಾರ್ಧಗೋಳದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಹೊರಡುವ ಮೊದಲು ಇಷ್ಟು ಮಾತ್ರ ಓದಿ. ಹೊರಗೆ ಬಂದ ಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಕೊಡಿ. ಪುಸ್ತಕ ನೋಡಲು ಮಂದವಾದ ಕೆಂಪು ಬೆಳಕು ಬಳಸಿ, ಬಿಳಿ ಬೆಳಕು ಬಿದ್ದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಒಳಗೆ ಬಂದ ಮೇಲೆ ಕಂಡದ್ದರ ಬಗ್ಗೆ ಎಷ್ಟು ಬೇಕಾದರೂ ಓದಿ. ಆ ಓದಿನ ರುಚಿಯೇ ಬೇರೆ.

ವಿಲಿಯಂ ಹರ್ಷೆಲ್ ನಕ್ಷತ್ರಗಳ ಹಾದಿಗೆ ಬಂದಿದ್ದು ಹೀಗೇ. ವೃತ್ತಿಯಲ್ಲಿ ಅವರು ಸಂಗೀತಗಾರ. ಇಂಗ್ಲೆಂಡಿನ ಬಾತ್ ನಗರದಲ್ಲಿ ಪಾಠ ಹೇಳುತ್ತಾ, ಚ್ಯಾಪೆಲ್ಲಿನಲ್ಲಿ ಆರ್ಗನ್ ನುಡಿಸುತ್ತಾ ಇದ್ದರು. ರಾಬರ್ಟ್ ಸ್ಮಿತ್ ಎಂಬುವರು ಸಂಗೀತದ ಸ್ವರಗಳ ಲೆಕ್ಕಾಚಾರದ ಮೇಲೆ ಬರೆದ ಪುಸ್ತಕ ಹಿಡಿಸಿದ್ದರಿಂದ, ಅವರದೇ ಬೆಳಕಿನ ಶಾಸ್ತ್ರದ ಪುಸ್ತಕಕ್ಕೆ ಕೈ ಹಾಕಿದರು. ಅದರಲ್ಲಿ ದೂರದರ್ಶಕ ಮಾಡುವ ವಿಧಾನವೂ ಇತ್ತು. 1773ರಲ್ಲಿ ಜೇಮ್ಸ್ ಫರ್ಗುಸನ್ ಅವರ ಖಗೋಳ ಪುಸ್ತಕವನ್ನೂ ಕೊಂಡರು. ಓದಿದ ಮೇಲೆ ಸುಮ್ಮನೆ ಕೂರಲಿಲ್ಲ. ಅದೇ ಊರಿನಲ್ಲಿ ಕನ್ನಡಿ ಉಜ್ಜುವ ಹವ್ಯಾಸ ಬಿಟ್ಟವರೊಬ್ಬರಿಂದ ಉಪಕರಣಗಳನ್ನೂ, ಅರ್ಧಕ್ಕೆ ನಿಂತ ಕನ್ನಡಿಗಳನ್ನೂ ಕೊಂಡು ತಂದರು. ತಾಮ್ರ, ತವರ ಸೇರಿದ ಲೋಹದ ಕನ್ನಡಿಗಳನ್ನು ಮನೆಯಲ್ಲೇ ಎರಕ ಹೊಯ್ದು ಉಜ್ಜಿದರು. ಹಾಗೆ ತಾವೇ ಮಾಡಿದ ದೂರದರ್ಶಕದಲ್ಲಿ 1781ರ ಮಾರ್ಚ್ 13ರಂದು ಯುರೇನಸ್ ಕಂಡರು. ಹರ್ಷೆಲ್ ಅಸಾಧಾರಣ ಮನುಷ್ಯ, ಸರಿ. ನಾನು ನಿಮಗೆ ತೋರಿಸಲು ಹೊರಟದ್ದು ಅವರ ಕ್ರಮವನ್ನು. ಪುಸ್ತಕವೂ ಉಪಕರಣವೂ ಒಂದೇ ಕಾಲಕ್ಕೆ ಮನೆಗೆ ಬಂದವು. ಅರ್ಧ ಮುಗಿದ ಕನ್ನಡಿ ಕೈಯಲ್ಲಿದ್ದಾಗ ಉಜ್ಜುವ ಅಧ್ಯಾಯ ಓದುವುದೂ, ಕನ್ನಡಿಯೇ ಇಲ್ಲದೆ ಓದುವುದೂ ಒಂದೇ ಅಲ್ಲ, ಅಲ್ವಾ?

ಗೆರೆ ಎಳೆಯುವುದು, ಟಿಪ್ಪಣಿ ಮಾಡುವುದು ಬಿಡಬೇಕಾ? ಬಿಡಬೇಕಿಲ್ಲ, ಆದರೆ ಅದನ್ನು ಕಲಿಕೆ ಅಂದುಕೊಳ್ಳಬೇಡಿ. ಪುಸ್ತಕ ಮುಚ್ಚಿ ನೆನಪಿನಿಂದ ಮಾಡಿ ನೋಡುವುದು ಅದಕ್ಕಿಂತ ಎಷ್ಟೋ ಮೇಲು. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಅನ್ನುವವರು ವಿದ್ಯಾರ್ಥಿಗಳಿಗೆ ಮಾಹಿತಿ ಬರಹಗಳನ್ನು ಕೊಟ್ಟು ಇದನ್ನು ಪರೀಕ್ಷಿಸಿದರು. ಕೆಲವರು ಓದಿದ್ದನ್ನೇ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ಬರಹ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಆದರೆ ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಮತ್ತೆ ಓದುವುದು ಆ ಹೊತ್ತಿಗೆ ಹಿತವಾಗಿರುತ್ತದೆ, ಉಳಿಯುವುದು ಕಡಿಮೆ.

ನಿಮ್ಮ ಕೊಕ್ಕರೆಗೆ ಇದನ್ನು ಹೀಗೆ ಹೊಂದಿಸಿ. ಪುಸ್ತಕ ನೋಡಿಕೊಂಡು ಪೆಟಲ್ ಫೋಲ್ಡ್‌ವರೆಗೆ ಬನ್ನಿ. ಪುಸ್ತಕ ಮುಚ್ಚಿ. ಹೊಸ ಕಾಗದ ತೆಗೆದುಕೊಂಡು ಅಲ್ಲಿಯವರೆಗೆ ನೆನಪಿನಿಂದ ಮಡಚಿ. ನಿಂತರೆ ತಕ್ಷಣ ಪುಸ್ತಕ ತೆರೆಯಬೇಡಿ. ಎಲ್ಲಿ ನಿಂತಿತು, ಏನು ಗೊತ್ತಾಗುತ್ತಿಲ್ಲ ಅಂತ ಒಂದು ಸಾಲು ಬರೆಯಿರಿ. "ಮೇಲಿನ ಒಂದೇ ಪದರ ಎತ್ತಬೇಕೋ, ಎರಡೋ?" ಅನ್ನುವಂಥ ಸಾಲು. ಈಗ ಪುಸ್ತಕ ತೆರೆದು ಅಷ್ಟಕ್ಕೆ ಮಾತ್ರ ಉತ್ತರ ಹುಡುಕಿ. ಹೀಗೆ ಬರೆದಿಟ್ಟ ಸಾಲುಗಳೇ ನಿಮಗೆ ಬೇಕಾದ ಟಿಪ್ಪಣಿ. ಕೊಕ್ಕರೆ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡಿ: ಆ ಕಷ್ಟದ ಹಂತವನ್ನು ಏನೂ ಗೊತ್ತಿಲ್ಲದವರಿಗೆ ಹೇಳಿಕೊಡುವಂತೆ ನಿಮ್ಮ ಮಾತಿನಲ್ಲಿ ಬರೆಯಿರಿ. ಮನೆಯವರಿಗೆ ಆ ಚೀಟಿ ಕೊಟ್ಟು ಮಡಚಲು ಹೇಳಿ, ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಬರಹವನ್ನು ತಿದ್ದಿ. ಇದಾದ ಮೇಲೆ ಬೇರೆಯವರು ಬರೆದ ಸೂಚನೆಗಳನ್ನು ನೀವು ಓದುವ ರೀತಿಯೇ ಬದಲಾಗುತ್ತದೆ. ಬರೆದವರು ಏನನ್ನು ಬಿಟ್ಟಿದ್ದಾರೆ ಅನ್ನುವುದು ಕಾಣತೊಡಗುತ್ತದೆ.

ಚೆಸ್ ಪುಸ್ತಕ ಓದುವವರು ಇದನ್ನು ಬಹಳ ಹಿಂದಿನಿಂದ ಮಾಡುತ್ತಿದ್ದಾರೆ. ಮುಂದಿನ ನಡೆಯನ್ನು ಕಾಗದದಿಂದ ಮುಚ್ಚಿ, ತಾವೇ ಒಂದು ನಡೆ ಯೋಚಿಸಿ, ಆಮೇಲೆ ಕಾಗದ ಸರಿಸಿ ನೋಡುತ್ತಾರೆ. ಬೋರ್ಡು ಪಕ್ಕದಲ್ಲಿರಲೇಬೇಕು.

ಪುಸ್ತಕ ಆರಿಸುವಾಗ ಮುಖಪುಟದ ಸುಂದರ ಚಿತ್ರಕ್ಕೆ ಮನಸೋಲಬೇಡಿ. ಒಳಗೆ ಎರಡು ವಿಷಯ ನೋಡಿ. ಮೊದಲನೆಯದು, ಚಿತ್ರವೂ ಅದರ ವಿವರಣೆಯೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇವೆಯೇ? ಚಿತ್ರ ಒಂದು ಕಡೆ, ವಿವರಣೆ ಇನ್ನೆಲ್ಲೋ ಇದ್ದರೆ, ಎರಡನ್ನೂ ಹೊಂದಿಸುವುದರಲ್ಲೇ ತಲೆ ಸೋಲುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ಎರಡನೆಯದು, ತಪ್ಪುಗಳ ಬಗ್ಗೆ ಬರೆದಿದ್ದಾರೆಯೇ? "ಹೀಗೆ ಕಂಡರೆ ಇಂಥ ಹಂತದಲ್ಲಿ ತಪ್ಪಾಗಿದೆ" ಅಂತ ತೋರಿಸುವ ಪುಸ್ತಕ ಅಪರೂಪ, ಸಿಕ್ಕರೆ ಬಿಡಬೇಡಿ. ಕಲಿಸಿ ಅನುಭವ ಇರುವವರು ಮಾತ್ರ ಅಂಥ ಪುಟ ಬರೆಯಬಲ್ಲರು. ಎರಡು ಪುಸ್ತಕ ಇಟ್ಟುಕೊಂಡಿರುವುದು ನಿಮಗೆ ಅನುಕೂಲವೇ ಆಯಿತು. ಒಂದರಲ್ಲಿ ಅರ್ಥವಾಗದ ಹಂತವನ್ನು ಇನ್ನೊಂದರಲ್ಲಿ ನೋಡಿ. ಇಬ್ಬರು ಲೇಖಕರು ಅದೇ ಮಡಿಕೆಯನ್ನು ಬೇರೆ ಬೇರೆ ಕೋನದಿಂದ ಬರೆದಿರುತ್ತಾರೆ. ಮೂರನೇ ಪುಸ್ತಕ ಈಗಲೇ ಬೇಡ.

ಅಕ್ಷರಕ್ಕೆ ನಿಲುಕದ ಸಂಗತಿಗಳೂ ಇವೆ, ಅದನ್ನೂ ಹೇಳಬೇಕು. ಎಷ್ಟು ಒತ್ತಬೇಕು, ಎಷ್ಟು ವೇಗ, ಕೈಗೆ ಹೇಗೆ ಅನಿಸಬೇಕು ಅನ್ನುವುದನ್ನು ಎಂಥ ಒಳ್ಳೆಯ ಲೇಖಕರೂ ಪೂರ್ತಿ ಹೇಳಲಾರರು. "ಗಟ್ಟಿಯಾಗಿ ಒತ್ತಿ" ಅಂದರೆ ಎಷ್ಟು ಗಟ್ಟಿ? ಅಲ್ಲಿ ಎರಡು ನಿಮಿಷದ ವಿಡಿಯೊ ನೋಡುವುದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ಮೊದಲು ಓದಿ, ಮಾಡಿ, ನಿಂತು, ಆಮೇಲೆ ನೋಡಿ. ಆಗ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ. ಓದಿನಲ್ಲಿ ವೇಗ ನಿಮ್ಮದು, ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ಕೂರಬಹುದು. ಅದಕ್ಕೇ ನಾನು ಓದಿನ ಪರ.

ಒಂದು ಎಚ್ಚರಿಕೆ. ತಪ್ಪಿದರೆ ಕಾಗದ ಹಾಳಾಗುವ ಹವ್ಯಾಸವನ್ನು ಒಬ್ಬರೇ ಓದಿ ಕಲಿಯಿರಿ. ತಪ್ಪಿದರೆ ಜೀವಕ್ಕೆ ಅಪಾಯ ಇರುವುದನ್ನು ಹಾಗೆ ಕಲಿಯಬೇಡಿ. ಕಾಡಿನ ಅಣಬೆ ಆರಿಸಿ ತಿನ್ನುವುದು, ಬಂಡೆ ಹತ್ತುವುದು, ನೀರಿಗೆ ಇಳಿಯುವುದು, ಇವಕ್ಕೆಲ್ಲ ಪುಸ್ತಕದ ಜೊತೆಗೆ ಅನುಭವಸ್ಥರೊಬ್ಬರು ಪಕ್ಕದಲ್ಲಿ ಇರಲೇಬೇಕು. ಚಿತ್ರದಲ್ಲಿ ಒಂದೇ ತರ ಕಾಣುವ ಎರಡು ಅಣಬೆಗಳಲ್ಲಿ ಒಂದು ವಿಷವಾಗಿರಬಹುದು. ನಕ್ಷತ್ರದ ವಿಷಯದಲ್ಲೂ ಒಂದು ಕಟ್ಟುನಿಟ್ಟು: ಬೈನಾಕ್ಯುಲರ್ ಅಥವಾ ದೂರದರ್ಶಕವನ್ನು ಸೂರ್ಯನತ್ತ ಹಿಡಿದು ನೋಡಬಾರದು. ಕಣ್ಣು ಶಾಶ್ವತವಾಗಿ ಹೋಗಬಹುದು.

ಸದ್ಯಕ್ಕೆ ನಕ್ಷತ್ರ ಪುಸ್ತಕ ಕೊಳ್ಳುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಕೊಕ್ಕರೆ ಮುಗಿಯಲಿ. ಪೆಟಲ್ ಫೋಲ್ಡ್ ಬಂದ ಮೇಲೂ ಕತ್ತು, ಬಾಲದ ಹತ್ತಿರ ಇನ್ನೊಂದು ತೊಡಕು ಕಾದಿದೆ. ಅಲ್ಲಿ ಮಡಿಕೆಯನ್ನು ಪದರಗಳ ನಡುವೆ ಒಳಕ್ಕೆ ತಿರುಗಿಸಬೇಕು. ಅಲ್ಲಿ ನಿಂತರೆ ಮತ್ತೆ ಬರೆಯಿರಿ. ಎಷ್ಟನೇ ಚಿತ್ರದಲ್ಲಿ ನಿಂತಿದ್ದೀರಿ, ನಿಮ್ಮ ಕಾಗದ ಹೇಗೆ ಕಾಣುತ್ತಿದೆ, ಪುಸ್ತಕದ ಮುಂದಿನ ಚಿತ್ರ ಹೇಗಿದೆ ಅನ್ನುವ ಮೂರು ವಿಷಯ ಇದ್ದರೆ ಸಾಕು, ಉತ್ತರ ಕೊಡುವುದು ನನಗೂ ಸುಲಭವಾಗುತ್ತದೆ.